ಒತ್ತಿದರೆ ನಿಲ್ಲುವ ಯಂತ್ರ

ಕಾರಿನ ಮೈಗೆ ಹೊಳಪು ತರುವ ಯಂತ್ರ ಹೊಸದೇನನ್ನೂ ಅದರ ಮೇಲೆ ಹಚ್ಚುವುದಿಲ್ಲ. ಇದ್ದ ಬಣ್ಣವನ್ನೇ ಅತಿ ತೆಳುವಾಗಿ ತೇಯ್ದು ತೆಗೆಯುತ್ತದೆ. ಮೇಣ ಹಚ್ಚುವುದು, ಸೆರಾಮಿಕ್ ಲೇಪನ ಮಾಡಿಸುವುದು ಇವೆಲ್ಲ ಮೇಲಿಂದ ಏನನ್ನೋ ಸೇರಿಸುವ ಕೆಲಸಗಳಾದರೆ, ಗ್ಯಾರೇಜುಗಳಲ್ಲಿ ರಬ್ಬಿಂಗ್ ಎಂದೂ ಬಫಿಂಗ್ ಎಂದೂ ಕರೆಯುವ ಈ ಕೆಲಸ ಕಳೆಯುವ ಲೆಕ್ಕಕ್ಕೆ ಸೇರಿದ್ದು, ಮತ್ತು ಕಳೆದುದನ್ನು ಮರಳಿ ಪಡೆಯಲು ಆ ಭಾಗಕ್ಕೆ ಹೊಸದಾಗಿ ಬಣ್ಣ ಹೊಡೆಸುವುದರ ಹೊರತು ಬೇರೆ ದಾರಿಯಿಲ್ಲ. ಮೊದಲ ಬಾರಿಗೆ ಇಂಥ ಯಂತ್ರವನ್ನು ಕೊಳ್ಳಹೊರಟವರು ಎಷ್ಟು ವಾಟ್, ಎಷ್ಟು ವೇಗ, ಎಷ್ಟು ಬೆಲೆ ಎಂದು ವಿಚಾರಿಸುವುದು ಸಹಜವೇ ಆದರೂ, ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಹಿಡಿದವರ ಕೈ ತಪ್ಪಿದಾಗ ಯಂತ್ರ ಏನು ಮಾಡುತ್ತದೆ? ಒಂದು ಬಗೆಯ ಯಂತ್ರ ತಪ್ಪನ್ನು ಇನ್ನಷ್ಟು ಬಲವಾಗಿ ಮುಂದುವರಿಸುತ್ತದೆ, ಇನ್ನೊಂದು ಬಗೆಯದು ತಾನೇ ನಿಧಾನವಾಗುತ್ತದೆ. ಈ ವ್ಯತ್ಯಾಸದ ಮೂಲ ಯಂತ್ರದ ಒಳಗಿನ ಒಂದು ಬೇರಿಂಗಿನಲ್ಲಿದ್ದರೂ, ಅದರ ಮಹತ್ವ ತಿಳಿಯಬೇಕಾದರೆ ಬಣ್ಣದ ದಪ್ಪದಿಂದ ಆರಂಭಿಸಬೇಕಾಗುತ್ತದೆ.

ಕಾರ್ಖಾನೆಯಲ್ಲಿ ಉಕ್ಕಿನ ತಗಡಿನ ಮೇಲೆ ಸಾಮಾನ್ಯವಾಗಿ ನಾಲ್ಕು ಪದರಗಳು ಕೂರುತ್ತವೆ. ಇಡೀ ಕವಚವನ್ನು ದ್ರಾವಣದಲ್ಲಿ ಮುಳುಗಿಸಿ, ವಿದ್ಯುತ್ ಹರಿಸಿ ಅಂಟಿಸುವ, ತುಕ್ಕು ತಡೆಯುವ ತಳಪದರ ಮೊದಲನೆಯದು; ಅದರ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 20 ಪಾಲು. ಅದರ ಮೇಲೆ ತಗಡಿನ ಏರುಪೇರುಗಳನ್ನು ಮುಚ್ಚುವ ಪ್ರೈಮರ್ 30ರಿಂದ 40 ಮೈಕ್ರಾನ್, ಆಮೇಲೆ ಕಣ್ಣಿಗೆ ಕಾಣುವ ಬಣ್ಣವನ್ನು ಹೊತ್ತ ಬೇಸ್ ಕೋಟ್ 15ರಿಂದ 20 ಮೈಕ್ರಾನ್, ಎಲ್ಲಕ್ಕೂ ಮೇಲೆ ಬಣ್ಣವೇ ಇಲ್ಲದ ಪಾರದರ್ಶಕ ಕ್ಲಿಯರ್ ಕೋಟ್ 35ರಿಂದ 50 ಮೈಕ್ರಾನ್ ಇರುತ್ತವೆ. ನಾಲ್ಕೂ ಸೇರಿ ಎರಡು ತಲೆಗೂದಲುಗಳ ದಪ್ಪವನ್ನು ಮೀರುವುದು ಅಪರೂಪ. ಹೊಳಪು ಬರುವುದು ಮೇಲಿನ ಪಾರದರ್ಶಕ ಪದರದಿಂದ. ಕೆಳಗಿನ ಬಣ್ಣವನ್ನು ಬಿಸಿಲಿನಿಂದ ಕಾಯುವುದೂ ಅದೇ ಪದರ, ಏಕೆಂದರೆ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುವ ರಾಸಾಯನಿಕಗಳನ್ನು ಅದರಲ್ಲಿ ಬೆರೆಸಿರುತ್ತಾರೆ. ಹಲವು ವರ್ಷ ಬಯಲಲ್ಲೇ ನಿಂತ ಹಳೆಯ ಕಾರುಗಳ ಛಾವಣಿಯ ಮೇಲೆ ಬೆಳ್ಳಗೆ ಚಕ್ಕೆ ಏಳುವುದು ಈ ಕಾವಲು ಸೋತಾಗ. ಹಾಗಾಗಿ ಕಾರಿನ ಇಡೀ ಆಯುಷ್ಯದಲ್ಲಿ ಆ ಪದರದಿಂದ ಧೈರ್ಯವಾಗಿ ತೇಯಬಹುದಾದುದು ಒಂದಂಕಿಯಷ್ಟು ಮೈಕ್ರಾನ್ ಮಾತ್ರ, ಮತ್ತು ಅದರಲ್ಲಿ ಎಷ್ಟನ್ನು ಹಿಂದಿನ ಮಾಲೀಕರ ಗ್ಯಾರೇಜು ಈಗಾಗಲೇ ಖರ್ಚು ಮಾಡಿದೆ ಎಂಬುದು ಸೆಕೆಂಡ್ ಹ್ಯಾಂಡ್ ಕಾರು ಕೊಂಡವರಿಗೆ ಬರಿಗಣ್ಣಿನಿಂದ ತಿಳಿಯುವಂಥದ್ದಲ್ಲ.

ತೇಯಬೇಕಾದ ಅಗತ್ಯವಾದರೂ ಏಕೆ ಬರುತ್ತದೆ ಎಂದರೆ, ಬಹುಮಟ್ಟಿಗೆ ಒರೆಸುವುದರಿಂದ. ಗಾಳಿಯಲ್ಲಿ ಹಾರಿ ಬಂದು ಕೂರುವ ಧೂಳಿನಲ್ಲಿ ಸ್ಫಟಿಕಶಿಲೆಯ ಕಣಗಳಿರುತ್ತವೆ. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪನದಲ್ಲಿ ಸ್ಫಟಿಕಶಿಲೆಯ ಸ್ಥಾನ 7, ಯಾವ ಬಣ್ಣದ ಪದರವೂ ಅದರ ಮುಂದೆ ಮೆತ್ತನೆಯದೇ. ಬೆಂಗಳೂರಿನಂಥ ಊರುಗಳ ಅಪಾರ್ಟ್‌ಮೆಂಟುಗಳಲ್ಲಿ ಬೆಳಗಿನ ಜಾವ ಅರೆಬಕೆಟ್ ನೀರು ಮತ್ತು ಒಂದೇ ಬಟ್ಟೆಯಿಂದ ಹತ್ತಾರು ಕಾರುಗಳನ್ನು ಒರೆಸುವ ಪದ್ಧತಿ ಈ ಕಣಗಳನ್ನು ಮೇಲ್ಮೈಯ ಮೇಲೆ ಎಳೆದಾಡಿಸುತ್ತದೆ, ಮತ್ತು ಪ್ರತಿ ಎಳೆತವೂ ಒಂದೋ ಎರಡೋ ಮೈಕ್ರಾನ್ ಆಳದ, ಕೆಲವೊಮ್ಮೆ ಅದಕ್ಕಿಂತಲೂ ಕಡಿಮೆ ಆಳದ ಗೀರನ್ನು ಬಿಡುತ್ತದೆ. ಈ ಗೀರುಗಳು ಬಿಸಿಲಿನಲ್ಲಿ ಜೇಡರ ಬಲೆಯಂತೆ ಸುತ್ತುಸುತ್ತಾಗಿ ಕಾಣುವುದರಿಂದ, ಬಟ್ಟೆಯನ್ನು ಸುತ್ತಿಸಿ ಒರೆಸಿದ್ದೇ ಕಾರಣವೆಂದು ಬಹಳ ಜನ ನಂಬುತ್ತಾರೆ, ಆದರೆ ಸಂಗತಿ ಬೇರೆ. ಗೀರುಗಳು ಎಲ್ಲ ದಿಕ್ಕಿನಲ್ಲೂ ಇರುತ್ತವೆ. ದೀಪದ ಪ್ರತಿಬಿಂಬದ ಸುತ್ತ ವೃತ್ತಗಳನ್ನು ಕಲ್ಪಿಸಿಕೊಂಡರೆ, ಆ ವೃತ್ತಗಳ ಪರಿಧಿಗೆ ಹೊಂದಿಕೊಂಡು ಬಿದ್ದಿರುವ ಗೀರುಗಳ ಅಂಚು ಮಾತ್ರ ಬೆಳಕನ್ನು ನೋಡುವವರ ಕಣ್ಣಿನ ಕಡೆಗೆ ತಿರುಗಿಸುತ್ತದೆ, ಉಳಿದವು ಬೆಳಕನ್ನು ಬೇರೆಡೆಗೆ ಚೆಲ್ಲಿ ಕಾಣದಂತಿರುತ್ತವೆ. ಟಾರ್ಚನ್ನು ಪಕ್ಕಕ್ಕೆ ಸರಿಸಿದರೆ ಸುತ್ತುಗಳ ನಡುಬಿಂದುವೂ ಅದರೊಡನೆ ಸರಿಯುವುದೇ ಇದಕ್ಕೆ ಸಾಕ್ಷಿ. ಗೀರಿಗೆ ಉಗುರು ಸಿಕ್ಕಿಕೊಳ್ಳುವಂತಿದ್ದರೆ ಅದು ಪಾಲಿಶಿನ ಮಿತಿಯನ್ನು ದಾಟಿದೆ ಎಂದು ತಿಳಿಯುವುದು ಒಳ್ಳೆಯದು. ಅದನ್ನು ಸಂಪೂರ್ಣವಾಗಿ ತೆಗೆಯಲು ಹೊರಟರೆ ಸುತ್ತಲಿನ ಮೇಲ್ಮೈಯನ್ನೆಲ್ಲ ಗೀರಿನ ತಳಕ್ಕೆ ಇಳಿಸಬೇಕಾಗುತ್ತದೆ.

ಒರಟು ಮೇಲ್ಮೈ ಉಜ್ಜಿದಾಗ ಹೊಳೆಯುವುದು ಏಕೆ ಎಂಬ ಪ್ರಶ್ನೆ ಸರಳವಾಗಿ ಕಂಡರೂ, ಅದರ ಉತ್ತರಕ್ಕಾಗಿ ವಿಜ್ಞಾನಿಗಳು ಬಹುಕಾಲ ವಾದಿಸಿದ್ದಾರೆ. ಗೀರುಗಳು ಕಣ್ಣಿಗೆ ಕಾಣದಷ್ಟು ಚಿಕ್ಕವಾಗುತ್ತ ಹೋಗುವುದೇ ಪಾಲಿಶ್ ಎಂಬುದು ನ್ಯೂಟನ್ನನ ನಿಲುವಾಗಿತ್ತು. ಉಜ್ಜಿದಾಗ ಲೋಹದ ಮೇಲ್ಪದರ ದ್ರವದಂತೆ ಹರಿದು ತಗ್ಗುಗಳನ್ನು ತುಂಬಿಕೊಂಡು ಗಟ್ಟಿಯಾಗುತ್ತದೆ ಎಂದು ಜಾರ್ಜ್ ಬೀಲ್ಬಿ 1921ರ ತನ್ನ ಗ್ರಂಥದಲ್ಲಿ ವಾದಿಸಿದ. 1937ರಲ್ಲಿ ಕೇಂಬ್ರಿಜ್‌ನ ಬೌಡನ್ ಮತ್ತು ಹ್ಯೂಸ್ ಉಜ್ಜುವ ವಸ್ತುವಿನ ಗಡಸುತನಕ್ಕಿಂತ ಅದರ ಕರಗುವ ಉಷ್ಣತೆ ಮುಖ್ಯವೆಂದು ತೋರಿಸಿ ಆ ವಾದಕ್ಕೆ ಬಲ ಕೊಟ್ಟರು. ಮುಂದೆ ಆಸ್ಟ್ರೇಲಿಯದ ಲೋಹವಿಜ್ಞಾನಿ ಲೆನರ್ಡ್ ಸ್ಯಾಮ್ಯುಯಲ್ಸ್ ಸೂಕ್ಷ್ಮದರ್ಶಕದ ನೆರವಿನಿಂದ, ಪಾಲಿಶ್ ಮಾಡಿದ ಲೋಹದ ಮೇಲೂ ಸಣ್ಣ ಗೀರುಗಳು ಇದ್ದೇ ಇರುತ್ತವೆ, ಅಲ್ಲಿ ನಡೆಯುವುದೂ ಕೆರೆಯುವ ಕ್ರಿಯೆಯೇ ಎಂದು ತೋರಿಸಿದಾಗ ವಾದ ಒಂದು ಸುತ್ತು ಬಂದು ನ್ಯೂಟನ್ನನ ಬಳಿಗೇ ಮರಳಿತು. ಕಾರಿನ ಬಣ್ಣದ ಮಟ್ಟಿಗೆ ಈ ಕೊನೆಯ ಚಿತ್ರವೇ ಸಾಕು: ಗೋಚರ ಬೆಳಕಿನ ತರಂಗದ ಉದ್ದ 0.4ರಿಂದ 0.7 ಮೈಕ್ರಾನ್ ಆಗಿರುವುದರಿಂದ, ಮೇಲ್ಮೈಯ ಏರುತಗ್ಗುಗಳು ಅದಕ್ಕಿಂತ ಸಾಕಷ್ಟು ಚಿಕ್ಕವಾದ ಕೂಡಲೇ ಬೆಳಕು ಚದುರದೆ ಕನ್ನಡಿಯಿಂದ ಮರಳಿದಂತೆ ಮರಳುತ್ತದೆ. ಪಾಲಿಶ್ ಮಾಡುವಾಗ ಹಚ್ಚುವ ಪೇಸ್ಟಿನ ಒಳಗಿರುವ ಅಲ್ಯೂಮಿನಿಯಂ ಆಕ್ಸೈಡ್ ಕಣಗಳು ದೊಡ್ಡ ಗೀರನ್ನು ತೆಗೆದು, ಅದರ ಜಾಗದಲ್ಲಿ ಕಣ್ಣಿಗೆ ಬೀಳದಷ್ಟು ಚಿಕ್ಕ ಗೀರುಗಳನ್ನು ಬಿಡುತ್ತವೆ.

ಎಷ್ಟು ತೇಯುತ್ತದೆ ಎಂಬುದಕ್ಕೆ ಸೂತ್ರವೊಂದಿದೆ, ಮತ್ತು ಅದು ಕಾರಿನ ಲೋಕದಿಂದ ಬಂದುದಲ್ಲ. ಗಾಜಿನ ಹಲಗೆಗಳನ್ನು ಪಾಲಿಶ್ ಮಾಡುವ ಯಂತ್ರಗಳನ್ನು ಅಧ್ಯಯನ ಮಾಡಿದ ಎಫ್. ಡಬ್ಲ್ಯು. ಪ್ರೆಸ್ಟನ್ 1927ರಲ್ಲಿ ಪ್ರಕಟಿಸಿದ ಸಂಬಂಧದ ಪ್ರಕಾರ, ಒಂದು ಬಿಂದುವಿನಲ್ಲಿ ತೇಯ್ದು ಹೋಗುವ ದಪ್ಪ ಅಲ್ಲಿನ ಒತ್ತಡ, ಉಜ್ಜುವ ವೇಗ ಮತ್ತು ಉಜ್ಜಿದ ಕಾಲ, ಈ ಮೂರರ ಗುಣಲಬ್ಧಕ್ಕೆ ಅನುಪಾತದಲ್ಲಿರುತ್ತದೆ. ಯಂತ್ರಕ್ಕೆ ತಗುಲಿಸಿದ ಸ್ಪಂಜಿನ ಅಥವಾ ಉಣ್ಣೆಯ ಪ್ಯಾಡು, ಪೇಸ್ಟು ಮತ್ತು ಬಣ್ಣದ ಸ್ವಭಾವವೆಲ್ಲ ಒಂದು ಸ್ಥಿರಾಂಕದೊಳಗೆ ಅಡಗಿಕೊಳ್ಳುತ್ತದೆ. ಇಂದಿಗೂ ಮಸೂರಗಳನ್ನೂ ಸಿಲಿಕಾನ್ ಬಿಲ್ಲೆಗಳನ್ನೂ ನುಣುಪು ಮಾಡುವವರು ಇದನ್ನೇ ಮೊದಲ ಅಂದಾಜಿಗೆ ಬಳಸುತ್ತಾರೆ. ಘರ್ಷಣೆಯಿಂದ ಪ್ರತಿ ಸೆಕೆಂಡಿಗೆ ಹುಟ್ಟುವ ಶಾಖವೂ ಒತ್ತಡ ಮತ್ತು ವೇಗಗಳ ಗುಣಲಬ್ಧಕ್ಕೇ ಅನುಪಾತದಲ್ಲಿರುವುದರಿಂದ, ಬೇಗ ತೇಯುವ ಯಂತ್ರ ಬೇಗ ಬಿಸಿಯನ್ನೂ ಮಾಡುತ್ತದೆ, ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಬಿಡಲಾಗದು. ಬಿಸಿಯಾದ ಕ್ಲಿಯರ್ ಕೋಟ್ ಒಂದು ಹಂತದಲ್ಲಿ ಗಾಜಿನಂಥ ಗಡಸುತನವನ್ನು ಬಿಟ್ಟು ರಬ್ಬರಿನಂತೆ ಮೆತ್ತಗಾಗುತ್ತದೆ. ಆ ಸ್ಥಿತಿಯಲ್ಲಿ ಉಜ್ಜಿದರೆ ಅದು ತೇಯುವ ಬದಲು ಎಳೆದುಹೋಗುತ್ತದೆ. ಆದ್ದರಿಂದ ಯಾವುದೇ ಪಾಲಿಶಿಂಗ್ ಯಂತ್ರವನ್ನು ಕುರಿತು ತಿಳಿಯಬೇಕಾದುದೆಂದರೆ, ಒತ್ತಡ ಮತ್ತು ವೇಗಗಳ ಗುಣಲಬ್ಧವನ್ನು ಅದು ಪ್ಯಾಡಿನ ಮುಖದ ಮೇಲೆ ಹೇಗೆ ಹಂಚುತ್ತದೆ ಎಂಬುದು.

ಎಲ್ಲಕ್ಕಿಂತ ಹಳೆಯದೂ ಸರಳವಾದುದೂ ಆದ ರೋಟರಿ ಯಂತ್ರದಲ್ಲಿ ಮೋಟರು ಗಿಯರಿನ ಮೂಲಕ ಪ್ಯಾಡನ್ನು ಒಂದೇ ಅಕ್ಷದ ಸುತ್ತ ತಿರುಗಿಸುತ್ತದೆ. 1920ರ ದಶಕದಲ್ಲಿ ಡ್ಯುಪಾಂಟ್ ಕಂಪನಿಯ ಡ್ಯೂಕೋ ಎಂಬ ನೈಟ್ರೋಸೆಲ್ಯುಲೋಸ್ ಬಣ್ಣ ಅಮೆರಿಕದ ಕಾರುಗಳಿಗೆ ಬಂದಾಗ, ಅದು ಬೇಗ ಒಣಗಿದರೂ ಮಂಕಾಗಿ ಒಣಗುತ್ತಿದ್ದುದರಿಂದ ಉಜ್ಜಿ ಹೊಳಪು ತರಿಸುವುದು ಬಣ್ಣ ಹೊಡೆಯುವ ಕೆಲಸದ ಭಾಗವೇ ಆಯಿತು. ನಮ್ಮ ಟಿಂಕರಿಂಗ್ ಅಂಗಡಿಗಳ ರಬ್ಬಿಂಗ್ ಕಾಂಪೌಂಡು ಆ ವಂಶಕ್ಕೆ ಸೇರಿದ್ದು. ಅಂದಿನ ಬಣ್ಣದಲ್ಲಿ ಪಾರದರ್ಶಕ ಪದರ ಇರಲಿಲ್ಲ, ಮೇಲಿನಿಂದ ಕೆಳಗಿನವರೆಗೆ ಒಂದೇ ಬಣ್ಣ, ಹಾಗಾಗಿ ಸ್ವಲ್ಪ ಹೆಚ್ಚು ತೇಯ್ದರೂ ಗೊತ್ತಾಗುತ್ತಿರಲಿಲ್ಲ. ಇಂದಿನ ರೋಟರಿಗಳು ಸಾಮಾನ್ಯವಾಗಿ ನಿಮಿಷಕ್ಕೆ 600ರಿಂದ 3000 ಸುತ್ತು ತಿರುಗುತ್ತವೆ. 150 ಮಿಲಿಮೀಟರ್ ವ್ಯಾಸದ ಪ್ಯಾಡು 1500 ಸುತ್ತಿನಲ್ಲಿ ತಿರುಗುತ್ತಿದ್ದರೆ ಅದರ ಅಂಚಿನ ವೇಗ ಸೆಕೆಂಡಿಗೆ ಸುಮಾರು 12 ಮೀಟರ್, ಅಂಚಿಗೂ ನಡುವಿಗೂ ಮಧ್ಯದಲ್ಲಿ 6 ಮೀಟರ್, ನಡುವಿನಲ್ಲಿ ಸೊನ್ನೆ. ಪ್ಯಾಡು ಸಪಾಟಾಗಿ ಕೂತಿರುವವರೆಗೆ ಈ ಅಸಮಾನತೆ ಕೈಯ ಚಲನೆಯಲ್ಲಿ ಹೇಗೋ ಸರಿಹೊಂದುತ್ತದೆ. ಆದರೆ ಮಣಿಕಟ್ಟು ಸ್ವಲ್ಪ ವಾಲಿದರೆ ಪ್ಯಾಡಿನ ಒಂದು ಅಂಚು ಮಾತ್ರ ಬಣ್ಣವನ್ನು ಮುಟ್ಟುತ್ತದೆ. ಮುಟ್ಟುವ ಜಾಗ ಕಿರಿದಾದುದರಿಂದ ಅಲ್ಲಿನ ಒತ್ತಡ ಏರುತ್ತದೆ, ಮತ್ತು ವೇಗ ಅತಿ ಹೆಚ್ಚಾಗಿರುವುದೂ ಅದೇ ಅಂಚಿನಲ್ಲಿ. ಪ್ರೆಸ್ಟನ್ನನ ಗುಣಲಬ್ಧದ ಎರಡೂ ಅಂಶಗಳು ಒಂದೇ ತಾಣದಲ್ಲಿ ಒಟ್ಟಿಗೆ ಏರಿದರೂ ಮೋಟರು ಮಣಿಯದೆ ತಿರುಗುತ್ತಲೇ ಇರುತ್ತದೆ. ಎಲ್ಲ ಗೀರುಗಳೂ ಒಂದೇ ದಿಕ್ಕಿನ ಕಮಾನುಗಳಾಗಿ ಬೀಳುವುದರಿಂದ, ನೋಟದ ಕೋನ ಬದಲಾದಂತೆ ಬಣ್ಣದೊಳಗೆ ತೇಲಾಡುವಂತೆ ಕಾಣುವ, ಕಸುಬಿನವರು ಹೋಲೋಗ್ರಾಮ್ ಎನ್ನುವ ನೆರಳುಪಟ್ಟಿಗಳೂ ರೋಟರಿಯ ಕೊಡುಗೆಯೇ. ಪಳಗಿದ ಕೈಯಲ್ಲಿ ಇದೇ ಯಂತ್ರ ಅತಿ ಕಡಿಮೆ ಸಮಯದಲ್ಲಿ ಅತ್ಯುತ್ತಮ ಕೆಲಸ ಮಾಡುತ್ತದೆ ಎಂಬುದೂ ನಿಜ.

ಡ್ಯುಯಲ್ ಆ್ಯಕ್ಷನ್, ಸಂಕ್ಷೇಪದಲ್ಲಿ ಡಿಎ ಎಂದು ಕರೆಯುವ ಎರಡನೆಯ ಬಗೆಯ ಯಂತ್ರದ ರಚನೆ ಹೀಗಿದೆ: ಮೋಟರು ತಿರುಗಿಸುವ ದಂಡದ ತುದಿಯಲ್ಲಿ, ನಡುವಿನಿಂದ ಕೆಲವು ಮಿಲಿಮೀಟರ್ ಪಕ್ಕಕ್ಕೆ ಸರಿಸಿ ಒಂದು ಬೇರಿಂಗನ್ನು ಕೂರಿಸಿರುತ್ತಾರೆ, ಪ್ಯಾಡನ್ನು ಹಿಡಿಯುವ ತಟ್ಟೆ, ಅಂದರೆ ಬ್ಯಾಕಿಂಗ್ ಪ್ಲೇಟ್, ಆ ಬೇರಿಂಗಿಗೆ ಜೋಡಣೆಯಾಗಿರುತ್ತದೆ. ಅಂಗೈಯನ್ನು ಗೋಡೆಗೆ ಊರಿ, ಬೆರಳ ತುದಿಗಳು ಸದಾ ಮೇಲ್ಮುಖವಾಗಿಯೇ ಇರುವಂತೆ ಸಣ್ಣ ವೃತ್ತಗಳಲ್ಲಿ ಒರೆಸಿದರೆ ಅಂಗೈಯ ಪ್ರತಿ ಬಿಂದುವೂ ಒಂದೇ ಅಳತೆಯ ವೃತ್ತವನ್ನು ಒಂದೇ ವೇಗದಲ್ಲಿ ಬರೆಯುತ್ತದೆ. ಡಿಎ ಯಂತ್ರದ ಪ್ಯಾಡು ಮಾಡುವುದೂ ಅದನ್ನೇ. ಈ ವೃತ್ತದ ವ್ಯಾಸಕ್ಕೆ ಥ್ರೋ ಎಂದು ಹೆಸರು. 8 ಮಿಲಿಮೀಟರ್ ಥ್ರೋ ಇರುವ ಯಂತ್ರ ನಿಮಿಷಕ್ಕೆ 5000 ಸುತ್ತಾಟ ನಡೆಸುತ್ತಿದ್ದರೆ ಪ್ಯಾಡಿನ ಪ್ರತಿ ಬಿಂದುವಿನ ವೇಗ ಸೆಕೆಂಡಿಗೆ ಸುಮಾರು 2 ಮೀಟರ್ ಮಾತ್ರ, ನಡುವಿನಲ್ಲೂ ಅಷ್ಟೇ, ಅಂಚಿನಲ್ಲೂ ಅಷ್ಟೇ. ರೋಟರಿಯ ಅಂಚಿನ 12 ಮೀಟರಿನೊಡನೆ ಇದನ್ನು ಹೋಲಿಸಿದರೆ, ಡಿಎ ಏಕೆ ನಿಧಾನ, ಏಕೆ ತಂಪು ಎಂಬ ಎರಡು ಪ್ರಶ್ನೆಗಳಿಗೂ ಒಂದೇ ಉತ್ತರ ಸಿಗುತ್ತದೆ.

ಈ ಸುತ್ತಾಟದ ಜೊತೆಗೆ ಪ್ಯಾಡು ತನ್ನ ಸುತ್ತಲೂ ತಿರುಗಬೇಕು, ಇಲ್ಲವಾದರೆ ಅದರ ಒಂದೇ ಭಾಗ ಒಂದೇ ಜಾಗವನ್ನು ಉಜ್ಜುತ್ತಿರುತ್ತದೆ. ಆರಂಭಿಕರಿಗೆ ಮುಖ್ಯವಾದ ಸಂಗತಿ ಅಡಗಿರುವುದು ಇಲ್ಲಿಯೇ. ಸ್ವತಂತ್ರವಾಗಿ ತಿರುಗುವ ಡಿಎಯಲ್ಲಿ ಮೋಟರಿಗೂ ಪ್ಯಾಡಿನ ತಿರುಗುವಿಕೆಗೂ ನೇರ ಜೋಡಣೆಯೇ ಇಲ್ಲ. ಬೇರಿಂಗಿನೊಳಗಿನ ಅಲ್ಪ ಎಳೆತವಷ್ಟೇ ಪ್ಯಾಡನ್ನು ತನ್ನೊಡನೆ ಕರೆದೊಯ್ಯುತ್ತದೆ. ಹಿಡಿದವರು ಬಲವಾಗಿ ಒತ್ತಿದರೆ, ಪ್ಯಾಡನ್ನು ವಾಲಿಸಿದರೆ, ಚೂಪಾದ ಏಣಿನ ಮೇಲೆ ಇಟ್ಟರೆ, ಬಣ್ಣದ ಘರ್ಷಣೆ ಈ ದುರ್ಬಲ ಎಳೆತವನ್ನು ಮೀರುತ್ತದೆ ಮತ್ತು ಪ್ಯಾಡು ತಿರುಗುವುದನ್ನು ನಿಲ್ಲಿಸಿಬಿಡುತ್ತದೆ. ಸುತ್ತಾಟ ಮುಂದುವರಿದರೂ ಅದರ ಬಹುಪಾಲನ್ನು ಸ್ಪಂಜು ತಾನೇ ಬಳುಕಿ ನುಂಗಿಕೊಳ್ಳುವುದರಿಂದ ಬಣ್ಣದ ಮೇಲೆ ನಡೆಯುವ ತೇಯುವಿಕೆ ಇಳಿಯುತ್ತದೆ. ರೋಟರಿಯಲ್ಲಿ ತಪ್ಪು ಮಾಡಿದಾಗ ಗುಣಲಬ್ಧ ಏರುತ್ತದೆ, ಇಲ್ಲಿ ಬೀಳುತ್ತದೆ. ವೃತ್ತಿಪರರು ಇದನ್ನು ಈ ಯಂತ್ರದ ದೌರ್ಬಲ್ಯವೆಂದು ದೂರುವುದುಂಟು, ಅವರ ದೃಷ್ಟಿಯಿಂದ ಅದು ಸರಿಯೂ ಹೌದು. ದಿನಕ್ಕೊಂದು ಕಾರು ಮುಗಿಸಬೇಕಾದವರಿಗೆ ಪದೇಪದೇ ನಿಲ್ಲುವ ಪ್ಯಾಡು ನಷ್ಟದ ಬಾಬ್ತು. ಮನೆಯ ಮುಂದೆ ಸ್ವಂತ ಕಾರನ್ನು ಇಟ್ಟುಕೊಂಡು ಕಲಿಯಹೊರಟವರಿಗೆ ಮಾತ್ರ ಇದಕ್ಕಿಂತ ಒಳ್ಳೆಯ ಶಿಕ್ಷಕ ಸಿಗುವುದು ಕಷ್ಟ. ಬ್ಯಾಕಿಂಗ್ ಪ್ಲೇಟಿನ ಅಂಚಿನಲ್ಲಿ ಮಾರ್ಕರಿನಿಂದ ಒಂದು ಕಪ್ಪು ಗೆರೆ ಎಳೆದುಕೊಂಡರೆ, ಆ ಗೆರೆ ನಿಧಾನವಾಗಿ ಸುತ್ತುತ್ತಿದೆಯೋ ನಿಂತಿದೆಯೋ ಎಂಬುದರಿಂದಲೇ ಒತ್ತಡ ಸರಿಯಿದೆಯೇ, ಪ್ಯಾಡು ಸಪಾಟಾಗಿದೆಯೇ ಎಂಬುದು ಕ್ಷಣಕ್ಷಣಕ್ಕೂ ತಿಳಿಯುತ್ತದೆ. ಇಷ್ಟಾದರೂ ಯಂತ್ರ ಸಂಪೂರ್ಣ ನಿರಪಾಯಕಾರಿ ಎಂದು ಭಾವಿಸಬಾರದು, ಏಕೆಂದರೆ ಸೂತ್ರದ ಮೂರನೆಯ ಅಂಶವಾದ ಕಾಲ ಹಿಡಿದವರ ಕೈಯಲ್ಲೇ ಉಳಿದಿದೆ. ಏಣಿನ ಮೇಲೆ ಬಹಳ ಹೊತ್ತು ನಿಂತರೆ ಡಿಎ ಕೂಡ ಕ್ಲಿಯರ್ ಕೋಟನ್ನು ದಾಟಿಹೋಗುತ್ತದೆ.

ಮೂರನೆಯ ಬಗೆಯೊಂದಿದೆ. ಅದರಲ್ಲಿ ಸುತ್ತಾಟವೂ ಇದೆ, ಪ್ಯಾಡಿನ ತಿರುಗುವಿಕೆಯನ್ನು ಗಿಯರಿನ ಮೂಲಕ ಕಡ್ಡಾಯಗೊಳಿಸಿಯೂ ಇದೆ, ಹಾಗಾಗಿ ಒತ್ತಿದರೂ ನಿಲ್ಲುವುದಿಲ್ಲ. 1954ರಲ್ಲಿ ಆ್ಯಂಗಲ್ ಗ್ರೈಂಡರನ್ನು ಮಾರುಕಟ್ಟೆಗೆ ತಂದ ಜರ್ಮನಿಯ ಫ್ಲೆಕ್ಸ್ ಕಂಪನಿಯ 8 ಮಿಲಿಮೀಟರ್ ಥ್ರೋ ಯಂತ್ರ ಈ ಬಗೆಯಲ್ಲಿ ಹೆಸರಾದದ್ದು. ಗಡಸು ಬಣ್ಣದ ಮೇಲೆ, ತಿರುವುಗಳ ಮೇಲೆ ಇದು ಚೆನ್ನಾಗಿ ದುಡಿಯುತ್ತದೆ, ಹೋಲೋಗ್ರಾಮ್ ಬಿಡುವುದೂ ಕಡಿಮೆ, ಆದರೆ ಯಂತ್ರ ಒಂದು ಪಕ್ಕಕ್ಕೆ ಎಳೆಯುತ್ತಿರುತ್ತದೆ, ತಪ್ಪನ್ನು ತಡೆಯುವ ಗುಣವೂ ಇಲ್ಲ. ಮೊದಲ ಯಂತ್ರವಾಗಿ ಇದನ್ನು ಕೊಳ್ಳಲು ವಿಶೇಷ ಕಾರಣವಿರಬೇಕು.

ಸ್ವತಂತ್ರ ತಿರುಗುವಿಕೆಯ ಡಿಎ ಎಂದು ತೀರ್ಮಾನಿಸಿದ ಮೇಲೆ ಎದುರಾಗುವ ಪ್ರಶ್ನೆ ಥ್ರೋ ಎಷ್ಟಿರಬೇಕು ಎಂಬುದು. 1947ರಲ್ಲಿ ಸ್ಥಾಪನೆಯಾದ ಇಟಲಿಯ ರೂಪೆಸ್ ಕಂಪನಿ 15 ಮತ್ತು 21 ಮಿಲಿಮೀಟರ್ ಥ್ರೋ ಯಂತ್ರಗಳನ್ನು ಪ್ರಚಾರಕ್ಕೆ ತಂದ ಮೇಲೆ, ದೊಡ್ಡ ಥ್ರೋ ಎಂದರೆ ಉತ್ತಮ ಯಂತ್ರ ಎಂಬ ಭಾವನೆ ಹರಡಿದೆ. ಲೆಕ್ಕ ಹಾಕಿದರೆ 15 ಮಿಲಿಮೀಟರಿನ ಯಂತ್ರ ನಿಮಿಷಕ್ಕೆ 4500 ಸುತ್ತಾಟದಲ್ಲಿ ಸೆಕೆಂಡಿಗೆ 3.5 ಮೀಟರ್, 21 ಮಿಲಿಮೀಟರಿನದು 4200ರಲ್ಲಿ 4.6 ಮೀಟರ್ ವೇಗ ಕೊಡುತ್ತದೆ, ಅಂದರೆ ಕೆಲಸ ಬೇಗ ಸಾಗುತ್ತದೆ. ಆದರೆ ದೊಡ್ಡ ಥ್ರೋಗೆ ದೊಡ್ಡ ಪ್ಯಾಡು ಬೇಕು, ದೊಡ್ಡ ಪ್ಯಾಡಿಗೆ ಸಪಾಟಾದ ವಿಸ್ತಾರ ಬೇಕು. ಭಾರತದ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ಸಣ್ಣ ಹ್ಯಾಚ್‌ಬ್ಯಾಕ್‌ಗಳಲ್ಲಿ ಬಾನೆಟ್ ಮತ್ತು ಛಾವಣಿಯನ್ನು ಬಿಟ್ಟರೆ ಅಂಥ ವಿಸ್ತಾರ ವಿರಳ. ಬಾಗಿಲುಗಳ ಮೇಲೆ ಏಣುಗಳು, ಹಿಡಿಕೆಗಳ ಸುತ್ತ ಗುಳಿಗಳು, ಕಿಟಕಿಗಳ ನಡುವೆ ಕಿರಿದಾದ ಕಂಬಗಳು. ಅಲ್ಲಿ 150 ಮಿಲಿಮೀಟರಿನ ಪ್ಲೇಟು ಹೊತ್ತ 21ರ ಯಂತ್ರ ಹೆಜ್ಜೆಹೆಜ್ಜೆಗೂ ನಿಲ್ಲುತ್ತದೆ. 125 ಮಿಲಿಮೀಟರ್ ಪ್ಲೇಟಿನೊಡನೆ 8ರಿಂದ 15 ಮಿಲಿಮೀಟರಿನವರೆಗಿನ ಥ್ರೋ ಇಂಥ ಕಾರಿಗೂ ಕಲಿಯುವ ಕೈಗೂ ಹೊಂದುತ್ತದೆ, ಅದರಲ್ಲೂ ಆತುರವಿಲ್ಲದವರು 8ರ ಕಡೆಗೆ ವಾಲಿದರೆ ನಷ್ಟವೇನಿಲ್ಲ.

ಥ್ರೋ ಬೆಳೆದಂತೆ ಬೆಳೆಯುವ ಇನ್ನೊಂದು ಸಮಸ್ಯೆ ಕಂಪನದ್ದು. 8 ಮಿಲಿಮೀಟರ್ ಥ್ರೋ, 5000 ಸುತ್ತಾಟ ಎಂದರೆ ಪ್ಯಾಡಿನ ಮೇಲೆ ಕೇಂದ್ರದ ಕಡೆಗಿನ ವೇಗೋತ್ಕರ್ಷ ಗುರುತ್ವದ 110 ಪಟ್ಟಿನಷ್ಟಾಗುತ್ತದೆ. ಪ್ಯಾಡು ಮತ್ತು ಪ್ಲೇಟು ಸೇರಿ 200 ಗ್ರಾಂ ಇದ್ದರೂ ಅವು ಸುಮಾರು 22 ಕಿಲೋಗ್ರಾಂ ಭಾರದಷ್ಟು ಬಲದಿಂದ ದಂಡವನ್ನು ದಿಕ್ಕು ಬದಲಿಸುತ್ತ ಎಳೆಯುತ್ತಿರುತ್ತವೆ. ಇದನ್ನು ಸರಿದೂಗಿಸಲು ಯಂತ್ರದೊಳಗೆ ಎದುರು ದಿಕ್ಕಿನಲ್ಲಿ ಒಂದು ಪ್ರತಿಭಾರವನ್ನು ಕೂರಿಸಿರುತ್ತಾರೆ, ಆ ಪ್ರತಿಭಾರವನ್ನು ನಿಗದಿತ ತೂಕದ ಪ್ಲೇಟು ಮತ್ತು ಪ್ಯಾಡಿಗೆ ಲೆಕ್ಕ ಹಾಕಿರುತ್ತಾರೆ. ತಯಾರಕರು ಹೇಳಿದ್ದಕ್ಕಿಂತ ಭಾರದ ಅಥವಾ ಹಗುರದ ಪ್ಯಾಡು ಹಾಕಿದರೆ ಕೈ ಜೋಮು ಹಿಡಿಯುವುದು ಇದರಿಂದಲೇ. ಅಗ್ಗದ ಯಂತ್ರಗಳು ಸೋಲುವುದು ಮೋಟರಿನ ಶಕ್ತಿಯಲ್ಲಿ ಅಲ್ಲ, ಹೆಚ್ಚಾಗಿ ಈ ಸಮತೋಲದಲ್ಲಿ. ಕಂಪನ ಬರೀ ಕಿರಿಕಿರಿಯ ವಿಷಯವೂ ಅಲ್ಲ. ವರ್ಷಗಟ್ಟಲೆ ಕಂಪಿಸುವ ಉಪಕರಣ ಹಿಡಿದವರ ಬೆರಳುಗಳಲ್ಲಿ ರಕ್ತಸಂಚಾರ ಕುಂಠಿತವಾಗಿ ಬೆರಳುಗಳು ಬಿಳಿಚಿಕೊಳ್ಳುವ ಕಾಯಿಲೆ ಬರಬಹುದು, ಮತ್ತು ಈ ಕಾರಣಕ್ಕಾಗಿ ಯುರೋಪಿನ ಒಕ್ಕೂಟ 2002ರ ನಿರ್ದೇಶನದಲ್ಲಿ 8 ಗಂಟೆಗಳ ಕೆಲಸದ ದಿನಕ್ಕೆ ಕೈಗೆ ತಾಕುವ ಕಂಪನ ಸೆಕೆಂಡಿನ ವರ್ಗಕ್ಕೆ 2.5 ಮೀಟರ್ ಮುಟ್ಟಿದರೆ ಕ್ರಮ ಕೈಗೊಳ್ಳಬೇಕೆಂದೂ, 5 ಮೀಟರ್ ಮೀರಬಾರದೆಂದೂ ಗೊತ್ತುಮಾಡಿದೆ. ತಿಂಗಳಿಗೊಮ್ಮೆ ಭಾನುವಾರ ಪಾಲಿಶ್ ಮಾಡುವವರಿಗೆ ಆ ಅಪಾಯ ದೂರದ್ದಾದರೂ, ಕೈಪಿಡಿಯಲ್ಲಿ ಕಂಪನದ ಅಂಕಿಯನ್ನು ಮುದ್ರಿಸುವ ತಯಾರಕರು ಅದನ್ನು ಅಳೆದಿದ್ದಾರೆ ಎಂಬುದಾದರೂ ಖಚಿತ.

ಹಣ ಉಳಿಸುವ ಎರಡು ದಾರಿಗಳನ್ನು ಇಲ್ಲಿ ಪ್ರಸ್ತಾಪಿಸದೆ ಬಿಡುವಂತಿಲ್ಲ. ಮನೆಯಲ್ಲಿರುವ ಆ್ಯಂಗಲ್ ಗ್ರೈಂಡರಿಗೆ ಸ್ಪಂಜಿನ ಪ್ಯಾಡು ಸಿಕ್ಕಿಸುವುದು ಮೊದಲನೆಯದು. ಗ್ರೈಂಡರ್ ಕಲ್ಲು, ಕಬ್ಬಿಣ ಕತ್ತರಿಸಲು ಮಾಡಿದ ಯಂತ್ರ, ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. 125 ಮಿಲಿಮೀಟರ್ ಪ್ಯಾಡಿನ ಅಂಚು ಆಗ ಸೆಕೆಂಡಿಗೆ 72 ಮೀಟರ್, ಅಂದರೆ ಗಂಟೆಗೆ ಸುಮಾರು 260 ಕಿಲೋಮೀಟರ್ ವೇಗದಲ್ಲಿ ಓಡುತ್ತದೆ. ಬಣ್ಣದ ಗತಿ ಹಾಗಿರಲಿ, ಪ್ಯಾಡೇ ಹರಿದು ಮುಖಕ್ಕೆ ಬಡಿಯಬಹುದು. ಎರಡನೆಯದು ಅಮೆರಿಕದಿಂದ ಬರುವ ಬಂಧುಗಳ ಪೆಟ್ಟಿಗೆಯಲ್ಲಿ ಯಂತ್ರ ತರಿಸುವುದು. ಅಲ್ಲಿನ ವಿದ್ಯುತ್ 120 ವೋಲ್ಟ್, ಇಲ್ಲಿನದು 230. ಇಂಥ ಉಪಕರಣಗಳ ಮೋಟರು ಹೀರುವ ಶಕ್ತಿ ಸ್ಥೂಲವಾಗಿ ವೋಲ್ಟೇಜಿನ ವರ್ಗದಂತೆ ಏರುವುದರಿಂದ, ನೇರವಾಗಿ ಪ್ಲಗ್ಗಿಗೆ ಸಿಕ್ಕಿಸಿದರೆ ಅದು ಮೂರುವರೆ ಪಟ್ಟಿಗಿಂತ ಹೆಚ್ಚು ಶಕ್ತಿ ಎಳೆದು ಸುಟ್ಟುಹೋಗುತ್ತದೆ. ಸೂಕ್ತ ಟ್ರಾನ್ಸ್‌ಫಾರ್ಮರಿನ ಬೆಲೆಯನ್ನೂ ತೂಕವನ್ನೂ ಸೇರಿಸಿದರೆ ಉಳಿತಾಯ ಹೆಚ್ಚೇನೂ ಉಳಿಯುವುದಿಲ್ಲ. ಅದಕ್ಕಿಂತ ಕಾರ್ಬನ್ ಬ್ರಷ್ ಮತ್ತು ಬ್ಯಾಕಿಂಗ್ ಪ್ಲೇಟು ಊರಿನಲ್ಲೇ ಸಿಗುವ ಯಂತ್ರವನ್ನು ಆರಿಸುವುದು ಜಾಣತನ, ಏಕೆಂದರೆ ಮೊದಲು ಸವೆಯುವುದು ಅವೇ ಎರಡು.

ಯಂತ್ರಕ್ಕೆ ತಗುಲಿಸುವ ಪ್ಯಾಡು, ಹಚ್ಚುವ ಪೇಸ್ಟು ಇವು ಪ್ರೆಸ್ಟನ್ನನ ಸ್ಥಿರಾಂಕವನ್ನು ಹಲವು ಪಟ್ಟು ಬದಲಿಸಬಲ್ಲವು, ಹಾಗಾಗಿ ಯಂತ್ರದ ಮೇಲೆ ಎಲ್ಲ ಹಣವನ್ನೂ ಸುರಿದು ಒಂದೇ ಪ್ಯಾಡಿನಲ್ಲಿ ಇಡೀ ಕಾರನ್ನು ಮುಗಿಸಹೊರಡುವುದು ತಿರುಗುಮುರುಗಾದ ಲೆಕ್ಕ. ಉಣ್ಣೆಯ ಪ್ಯಾಡು ಹೆಚ್ಚು ತೇಯುತ್ತದೆ, ಮೈಕ್ರೋಫೈಬರಿನದು ಅದಕ್ಕೆ ಸಮೀಪ, ಪಾಲಿಯುರೆಥೇನ್ ಸ್ಪಂಜು ಗಡಸಾದಷ್ಟೂ ತೇಯುತ್ತದೆ, ಮೆತ್ತಗಾದಷ್ಟೂ ನುಣುಪು ಕೊಡುತ್ತದೆ. ಸ್ಪಂಜುಗಳ ಬಣ್ಣ ನೋಡಿ ಗಡಸುತನ ಊಹಿಸುವುದು ಅಪಾಯ. ಒಬ್ಬ ತಯಾರಕರ ಕಿತ್ತಳೆ ಇನ್ನೊಬ್ಬರ ಕಿತ್ತಳೆಯಲ್ಲ. ಒಂದೂವರೆ ಅಡಿ ಚೌಕದ ಜಾಗವೊಂದನ್ನು ಆರಿಸಿಕೊಂಡು, ಅತಿ ಮೆತ್ತನೆಯ ಜೋಡಿಯಿಂದ ಆರಂಭಿಸಿ, ಅದು ಸಾಲದಿದ್ದರೆ ಮಾತ್ರ ಗಡಸು ಜೋಡಿಗೆ ಹೋಗುವುದು ರೂಢಿ. ಫಲಿತಾಂಶ ನೋಡುವ ಮೊದಲು ಆ ಜಾಗವನ್ನು ನೀರು ಬೆರೆಸಿದ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಬೇಕು, ಇಲ್ಲವಾದರೆ ಕಣ್ಣು ಮೋಸ ಹೋಗುತ್ತದೆ: ಪೇಸ್ಟಿನಲ್ಲಿರುವ ಎಣ್ಣೆಗಳ ವಕ್ರೀಭವನಾಂಕ, ಅಂದರೆ ಬೆಳಕನ್ನು ಬಾಗಿಸುವ ಪ್ರಮಾಣ, ಕ್ಲಿಯರ್ ಕೋಟಿನದಕ್ಕೆ ಬಹಳ ಹತ್ತಿರವಿರುವುದರಿಂದ, ಎಣ್ಣೆ ತುಂಬಿದ ಗೀರು ಅಳಿಸಿಹೋದಂತೆಯೇ ಕಾಣುತ್ತದೆ. ಕಡಿಮೆ ದುಡ್ಡಿಗೆ ಅರ್ಧ ಗಂಟೆಯಲ್ಲಿ ಮಾಡಿಕೊಡುವ ಪಾಲಿಶಿನ ಹೊಳಪು ಎರಡು ಬಾರಿ ತೊಳೆಯುವಷ್ಟರಲ್ಲಿ ಮಾಯವಾಗುವುದರ ಹಿಂದಿರುವುದು ಬಹುಮಟ್ಟಿಗೆ ಇದೇ ಭೌತವಿಜ್ಞಾನ.

ಯಾವ ಯಂತ್ರ ಕೊಂಡರೂ ಕೆಲವು ಜಾಗಗಳನ್ನು ಟೇಪು ಅಂಟಿಸಿ ಮುಚ್ಚಿಕೊಳ್ಳಬೇಕಾಗುತ್ತದೆ. ಹಸಿ ಬಣ್ಣ ತನ್ನ ಮೇಲ್ಮೈ ಎಳೆತದಿಂದಾಗಿ ಚೂಪಾದ ಏಣುಗಳಿಂದ ಹಿಂದೆ ಸರಿಯುವುದರಿಂದ ಅಲ್ಲಿ ಪದರ ಮೊದಲೇ ತೆಳುವಾಗಿರುತ್ತದೆ, ಪ್ಯಾಡಿನ ಒತ್ತಡವೂ ಅಲ್ಲಿಯೇ ಕೇಂದ್ರೀಕರಿಸುತ್ತದೆ. ಬಂಪರುಗಳ ಕಥೆ ಬೇರೆ. ಉಕ್ಕು ಶಾಖವನ್ನು ಪ್ಲಾಸ್ಟಿಕ್ಕಿಗಿಂತ ಇನ್ನೂರು ಪಟ್ಟಿಗೂ ಹೆಚ್ಚು ಚೆನ್ನಾಗಿ ಸಾಗಿಸುತ್ತದೆ, ಆದ್ದರಿಂದ ಬಾನೆಟ್ಟಿನ ಮೇಲೆ ಹುಟ್ಟಿದ ಶಾಖ ತಗಡಿನೊಳಗೆ ಹರಡಿಹೋದರೆ, ಬಂಪರಿನ ಮೇಲೆ ಹುಟ್ಟಿದ್ದು ಬಣ್ಣದಲ್ಲೇ ಉಳಿಯುತ್ತದೆ. ಬಣ್ಣದ ದಪ್ಪ ಅಳೆಯುವ ಮಾಪಕವೂ ಅಲ್ಲಿ ಕೈಕೊಡುತ್ತದೆ, ಏಕೆಂದರೆ ಸಾಮಾನ್ಯ ಮಾಪಕಗಳು ಕೆಳಗಿನ ಉಕ್ಕನ್ನು ಕಾಂತೀಯ ಪ್ರೇರಣೆಯಿಂದಲೋ, ಅಲ್ಯೂಮಿನಿಯಮ್ಮನ್ನು ಸುಳಿವಿದ್ಯುತ್ತಿನಿಂದಲೋ ಗುರುತಿಸಿ ದೂರ ಹೇಳುತ್ತವೆ, ಕೆಳಗೆ ಲೋಹವೇ ಇಲ್ಲದಿದ್ದರೆ ಅವುಗಳಿಗೆ ಹೇಳಲು ಏನೂ ಇರುವುದಿಲ್ಲ. ಲೋಹದ ಮೇಲೂ ಅವು ಹೇಳುವುದು ಎಲ್ಲ ಪದರಗಳ ಒಟ್ಟು ದಪ್ಪವನ್ನು, ಕ್ಲಿಯರ್ ಕೋಟ್ ಎಷ್ಟು ಉಳಿದಿದೆ ಎಂಬುದನ್ನಲ್ಲ. ಮ್ಯಾಟ್ ಬಣ್ಣದ ಕಾರಿಗೆ ಮಾತ್ರ ಇಲ್ಲಿ ಹೇಳಿದ ಯಾವುದೂ ಅನ್ವಯಿಸದು. ಅದರ ಚೆಲುವು ಬೆಳಕನ್ನು ಚದುರಿಸುವ ಒರಟಿನಲ್ಲೇ ಇರುವುದರಿಂದ ಯಂತ್ರ ಮುಟ್ಟಿಸಿದಲ್ಲೆಲ್ಲ ಮಾಸದ ಹೊಳಪಿನ ಕಲೆ ಉಳಿಯುತ್ತದೆ.

ಯಂತ್ರವನ್ನು ಕೊಂಡ ಮೇಲೆ ಸ್ವಂತ ಕಾರಿಗೆ ಕೈಹಾಕುವ ಮುನ್ನ ಗುಜರಿಯಿಂದ ಹಳೆಯ ಬಾನೆಟ್ಟೊಂದನ್ನು ತಂದುಕೊಂಡರೆ ಕಲಿಕೆಯ ಬಹುಪಾಲು ಅಲ್ಲೇ ಮುಗಿಯುತ್ತದೆ. ಅದನ್ನು ಚೆನ್ನಾಗಿ ತೊಳೆದು, ಟೇಪಿನಿಂದ ನಾಲ್ಕು ಭಾಗ ಮಾಡಿ, ಒಂದೊಂದರಲ್ಲಿ ಒಂದೊಂದು ಪ್ಯಾಡನ್ನು ಪರೀಕ್ಷಿಸಬಹುದು. ಬೇಕೆಂದೇ ವಾಲಿಸಿ, ಒತ್ತಿ, ಕಪ್ಪು ಗೆರೆ ಯಾವಾಗ ನಿಲ್ಲುತ್ತದೆ ಎಂಬುದನ್ನು ಕೈಗೆ ರೂಢಿ ಮಾಡಿಸಬಹುದು. ಕೊನೆಗೆ ಒಂದು ಏಣನ್ನು ಆರಿಸಿಕೊಂಡು, ಗಡಸು ಪ್ಯಾಡಿಟ್ಟು, ಗಡಿಯಾರ ನೋಡುತ್ತ, ಬಣ್ಣ ಕಳಚಿ ಪ್ರೈಮರಿನ ಬೂದಿ ಕಾಣುವವರೆಗೆ ಯಂತ್ರವನ್ನು ಅಲ್ಲಿಯೇ ಹಿಡಿದಿಡಬೇಕು. ಪ್ಯಾಡಿಗೆ ಬಣ್ಣ ಅಂಟಲು ಆರಂಭವಾದ ಗಳಿಗೆಯೇ ಕ್ಲಿಯರ್ ಕೋಟ್ ಮುಗಿದ ಗಳಿಗೆ, ಮತ್ತು ಅದಕ್ಕೆ ಹಿಡಿದ ಸೆಕೆಂಡುಗಳೆಷ್ಟು ಎಂಬುದನ್ನು ಬರೆದಿಟ್ಟುಕೊಂಡರೆ, ಆ ಯಂತ್ರ, ಆ ಪ್ಯಾಡು, ಆ ಪೇಸ್ಟಿಗೆ ಸಂಬಂಧಿಸಿದಂತೆ ಯಾವ ಕೈಪಿಡಿಯಲ್ಲೂ ಇಲ್ಲದ ಅಂಕಿ ಸಿಕ್ಕಂತಾಗುತ್ತದೆ.